ಕಲ್ಲ ಮರಿಗೆ: ಒಂದು ಒಡೆಯಿತು, ಒಂದು ಉಳಿಯಿತು

ಮೊದಲೇ ಹೇಳಿಬಿಡುತ್ತೇನೆ, ಇದು ಎರಡು ಮರಿಗೆಗಳ, ಅಂದರೆ ಅಡಿಗೆ ಮಾಡುವ ಕಲ್ಲಿನ ಪಾತ್ರೆಗಳ ವಿಮರ್ಶೆ. ಒಂದು ಆನ್‌ಲೈನ್‌ನಲ್ಲಿ ತರಿಸಿದ್ದು, 1,850 ರೂಪಾಯಿ. ಇನ್ನೊಂದು ಜಾತ್ರೆಯ ಸಂತೆಯಲ್ಲಿ ಕೊಂಡದ್ದು, ಚೌಕಾಸಿ ಮಾಡಿ 900 ರೂಪಾಯಿ. ದುಬಾರಿಯದ್ದು 22ನೇ ದಿನಕ್ಕೆ ಒಡೆಯಿತು. ಅಗ್ಗದ್ದರಲ್ಲಿ ಇವತ್ತು ಬೆಳಿಗ್ಗೆ ಕೂಡ ಬೋಳುಹುಳಿ ಆಗಿದೆ.

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ಹಳೆ ಮನೆಗಳಲ್ಲಿ ಒಂದಾದರೂ ಕಲ್ಲ ಮರಿಗೆ ಇರುತ್ತಿತ್ತು. ನಮ್ಮಲ್ಲಿ ಅಜ್ಜಿಯದ್ದು ಅಟ್ಟದ ಮೂಲೆಯಲ್ಲಿತ್ತು, ಅದರಲ್ಲಿ ಮಿಡಿ ಉಪ್ಪಿನಕಾಯಿ. ಪಾಲಾಗುವಾಗ ಅದು ದೊಡ್ಡಪ್ಪನ ಮನೆಗೆ ಹೋಯಿತು, ಜಾಗದ ಬಗ್ಗೆ ಮಾತಾಡದ ಅಮ್ಮ ಮರಿಗೆಯ ಬಗ್ಗೆ ಮಾತ್ರ ಈಗಲೂ ಮಾತಾಡುತ್ತಾರೆ. ಇಲ್ಲಿ ಮಲಯಾಳದವರು ಇದಕ್ಕೆ ಕಲ್ಚಟ್ಟಿ ಎನ್ನುತ್ತಾರೆ, ತಮಿಳರೂ ಹಾಗೆಯೇ, ಕಲ್ಲಿಗೆ ಅವರು ಮಾಕಲ್ ಅನ್ನುವುದು. ಘಟ್ಟದ ಮೇಲಿನವರಿಗೆ ಬಳಪದ ಕಲ್ಲು. ಎಲ್ಲ ಒಂದೇ.

ಈಗ ಆ ಆನ್‌ಲೈನ್ ಅಂಗಡಿ. ಹೆಸರು ಹೇಳುವುದಿಲ್ಲ, ಯಾಕೆಂದರೆ ಇಂಥ ಅಂಗಡಿಗಳು ಬೇಕಾದಷ್ಟಿವೆ ಮತ್ತು ಎಲ್ಲರ ವಿವರಣೆಯೂ ಒಬ್ಬನೇ ಬರೆದುಕೊಟ್ಟ ಹಾಗಿದೆ. ಅದರಲ್ಲಿ ಮೂರು ಮಾತು ನನಗೆ ನೆನಪಿದೆ. ಗ್ರಾನೈಟ್‌ಗಿಂತ ಗಟ್ಟಿ. ಅಡಿಗೆ ಮಾಡಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಪಳಗಿಸಿಯೇ, ಅಂದರೆ ಒಲೆಗೆ ಹದ ಮಾಡಿಯೇ ಕಳಿಸುತ್ತೇವೆ. ಮೂರೂ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಮೊದಲ ಎರಡು ಸುಳ್ಳು ಅಂತ ಕೊಳ್ಳುವ ಮೊದಲೇ ಗೊತ್ತಾಗಬೇಕಿತ್ತು, ಶಾಲೆಯಲ್ಲಿ ಬಳಪ ಹಿಡಿದವಳು ನಾನು.

ಬಂದಾಗ ಮರಿಗೆ ಕಾಡಿಗೆಯಷ್ಟು ಕಪ್ಪು, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು. ಎರಡು ಲೀಟರ್ ಹಿಡಿಯುತ್ತದೆ, ಖಾಲಿ ತೂಕವೇ ಮೂರೂವರೆ ಕಿಲೋ. ನನಗಂತೂ ನೋಡಿ ಖುಷಿಯಾಯಿತು. ಆದರೆ ಆ ಕಪ್ಪೇ ಮೋಸ. ಈ ಕಲ್ಲು ಹುಟ್ಟಾ ಕಪ್ಪಲ್ಲ, ಬೂದು ಅಥವಾ ಹಸಿರು ಮಿಶ್ರಿತ ಬೂದು ಬಣ್ಣದ್ದು. ಎಣ್ಣೆ ಕುಡಿದು ಬೆಂಕಿ ಕಂಡ ಮೇಲೆ ಕಪ್ಪಾಗುವುದು. ಹೊಸ ಮರಿಗೆ ಕಪ್ಪಗಿದ್ದರೆ ಯಾರೋ ಏನೋ ಬಳಿದಿದ್ದಾರೆ ಎಂದೇ ಅರ್ಥ, ಬಳಿದಿದ್ದಾರೆ ಎಂದರೆ ಅಡಿಯ ಕಲ್ಲು ನಿಮಗೆ ಕಾಣುವುದಿಲ್ಲ.

22ನೇ ದಿನ ಹಲಸಿನಕಾಯಿ ಹುಳಿ ಕುದಿಯುತ್ತಿತ್ತು. ಟಿಕ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಗ್ಯಾಸ್ ಒಲೆ ತನ್ನಷ್ಟಕ್ಕೆ ಆರಿತು, ಯಾಕೆಂದರೆ ಹುಳಿ ಪೂರ್ತಿ ಬರ್ನರ್ ಒಳಗೆ ಹೋಗಿತ್ತು. ಮರಿಗೆ ತಣಿದ ಮೇಲೆ ತಿರುವಿ ನೋಡಿದರೆ ಹೊರಬದಿಯಲ್ಲಿ ಗೋಡೆಯ ಗಾರೆ ಬಿದ್ದ ಹಾಗೆ ಒಂದು ಚಕ್ಕೆ ಎದ್ದಿದೆ. ಅದರಡಿ ಬೆರಳುದ್ದದ ಬಿಳಿ ಗೆರೆ, ಗೆರೆಯ ಉದ್ದಕ್ಕೂ ಬಿರುಕು. ಎದ್ದ ಚಕ್ಕೆ ಕಲ್ಲೇ ಅಲ್ಲ. ಕಲ್ಲಿನ ಪುಡಿಗೆ ಯಾವುದೋ ಅಂಟು ಕಲಸಿ ಮೆತ್ತಿದ್ದು. ಮೂರು ವಾರ ನಾವು ಅದರಲ್ಲಿ ಹುಳಿ ಉಂಡಿದ್ದೇವೆ, ಒಳಬದಿಗೂ ಅದೇ ಅಂಟು ಇತ್ತೋ ಏನೋ.

ಫೋಟೊ ಕಳಿಸಿದೆ. ಉತ್ತರ ಬಂತು: ಉರಿ ಜಾಸ್ತಿ ಇಟ್ಟಿರಬೇಕು, ಸರಿಯಾಗಿ ಪಳಗಿಸಿಲ್ಲ, ಮತ್ತು ವಾಪಸ್ ಕೊಡುವ ಅವಧಿ ಏಳು ದಿನ. ಮಾರಾಯ್ರೆ, ಈ ಮರಿಗೆಯನ್ನು ಪಳಗಿಸುವುದಕ್ಕೇ ಹತ್ತು ದಿನ ಬೇಕು. ಒಲೆಗೆ ಇಡುವ ಮೊದಲೇ ಮುಗಿಯುವ ಅವಧಿ ಯಾವ ಸೀಮೆಯ ಅವಧಿ? ಮತ್ತೆ ಪಳಗಿಸಿಯೇ ಕಳಿಸುತ್ತೇವೆ ಅಂದದ್ದು ಯಾರು?

ಸಿಟ್ಟಿಗೆ ಆ ಬಿಳಿ ಗೆರೆ ಏನು ಅಂತ ಓದಲು ಕೂತೆ. ಎರಡು ರಾತ್ರಿ ಹೋಯಿತು, ಆದರೆ ಹುಳಿ ಚೆಲ್ಲಿದ ನಷ್ಟಕ್ಕಿಂತ ಲಾಭವೇ ಜಾಸ್ತಿ ಆಯಿತು.

ಬಳಪದ ಕಲ್ಲು ಹುಟ್ಟಿನಿಂದ ಬಳಪದ ಕಲ್ಲಲ್ಲ. ಮೂಲದಲ್ಲಿ ಅದು ಭೂಮಿಯ ತುಂಬ ಆಳದಿಂದ ಬಂದ, ಮೆಗ್ನೀಸಿಯಂ ತುಂಬಿದ, ಭಾರವಾದ ಗಟ್ಟಿ ಕಲ್ಲು. ಡ್ಯೂನೈಟ್, ಪೆರಿಡೊಟೈಟ್ ಅಂತ ಹೆಸರು. ಅದರ ಬಿರುಕುಗಳಲ್ಲಿ ಬಿಸಿನೀರು ನುಗ್ಗುತ್ತದೆ, ಕಲ್ಲು ನೀರು ಕುಡಿದು ಸರ್ಪೆಂಟೈನ್ ಎಂಬ ಹಾವಿನ ಮೈಯ ಹಸಿರು ಕಲ್ಲಾಗುತ್ತದೆ. ಆಮೇಲೆ ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಬಂದರೆ ಸರ್ಪೆಂಟೈನ್ ಒಡೆದು ಎರಡಾಗುತ್ತದೆ, ಒಂದು ಟಾಲ್ಕ್, ಇನ್ನೊಂದು ಮ್ಯಾಗ್ನೆಸೈಟ್. ಅವಳಿ ಮಕ್ಕಳು. ಟಾಲ್ಕ್ ಮೆತ್ತಗೆ, ಉಗುರಲ್ಲಿ ಗೀರಬಹುದು. ಮ್ಯಾಗ್ನೆಸೈಟ್‌ಗೆ ಉಗುರು ತಾಗುವುದಿಲ್ಲ, ಬಿಳಿ. ಟಾಲ್ಕ್ ಜಾಸ್ತಿ ಇದ್ದು ಜೊತೆಗೆ ಕ್ಲೋರೈಟ್ ಎಂಬ ಇನ್ನೊಂದು ಮೆತ್ತನೆ ಖನಿಜ, ಮ್ಯಾಗ್ನೆಸೈಟ್ ಅಲ್ಪಸ್ವಲ್ಪ ಬೆರೆತದ್ದೇ ನಮ್ಮ ಮರಿಗೆಯ ಕಲ್ಲು.

ಈಗ ನೋಡಿ, ನನ್ನ ಮರಿಗೆಯ ಬಿಳಿ ಗೆರೆ ಅಂದರೆ ಒಂದು ಕಾಲದಲ್ಲಿ ನೀರು ಹರಿದ ಬಿರುಕು. ಭೂಮಿ ಅದಕ್ಕೆ ಬೆಸುಗೆ ಹಾಕಿತ್ತು, ಅಷ್ಟೆ. ಬೆಂಕಿಯ ಮೇಲೆ ಗೆರೆ ಒಂದು ಹದದಲ್ಲಿ ಹಿಗ್ಗುತ್ತದೆ, ಸುತ್ತಲಿನ ಕಲ್ಲು ಇನ್ನೊಂದು ಹದದಲ್ಲಿ. ದಿನಾ ಎರಡು ಸಲ ಕಾಯಿಸಿ ತಣಿಸಿದರೆ ಹಳೆ ಬಿರುಕು ಮತ್ತೆ ಬಾಯಿ ಬಿಡದೆ ಇರುತ್ತದಾ?

ಈ ಮರಿಗೆಗಳು ಹೆಚ್ಚಾಗಿ ಸೇಲಂ ಕಡೆಯಿಂದ ಬರುತ್ತವೆ. ಸೇಲಂ ನಗರಕ್ಕೆ ಅಂಟಿಕೊಂಡೇ, ಏರ್ಕಾಡು ಬೆಟ್ಟದ ಬುಡದಲ್ಲಿ, ಚಾಕ್ ಹಿಲ್ಸ್ ಅಂತ ಗುಡ್ಡಗಳಿವೆ. ಬ್ರಿಟಿಷರು ಬಿಳಿ ಕಂಡು ಚಾಕ್ ಅಂದರು, ಅಲ್ಲಿ ಸೀಮೆಸುಣ್ಣದ ಕಲ್ಲು ಚೂರೂ ಇಲ್ಲ. ಇರುವುದು ಡ್ಯೂನೈಟ್, ಅದರ ತುಂಬ ಬಲೆ ಹೆಣೆದ ಹಾಗೆ ಮ್ಯಾಗ್ನೆಸೈಟ್‌ನ ಬಿಳಿ ನಾಳಗಳು. ಉಕ್ಕಿನ ಕುಲುಮೆಗೆ ಬೇಕಾದ ಬೆಂಕಿ ಇಟ್ಟಿಗೆ ಮಾಡಲು ಅದನ್ನು ಅಗೆಯುತ್ತಾ ಬಂದಿದ್ದಾರೆ. ಅದೇ ನೀರು, ಅದೇ ಇಂಗಾಲ, ಅದೇ ಮೆಗ್ನೀಸಿಯಂ ಕಲ್ಲಿನ ಕಥೆ. ಕುಲುಮೆಯವರಿಗೆ ಬಿಳಿ ಗೆರೆ ಇದ್ದಷ್ಟೂ ಒಳ್ಳೆಯದು. ಅಡಿಗೆ ಮನೆಯವರಿಗೆ ಅದೇ ಶತ್ರು.

ಎಲ್ಲ ಬಳಪದ ಕಲ್ಲೂ ಹೀಗೇ ಹುಟ್ಟಿದ್ದಲ್ಲ. ಆಂಧ್ರದ ತಾಡಿಪತ್ರಿ ಕಡೆ ಡಾಲಮೈಟ್ ಎಂಬ ಸುಣ್ಣಕಲ್ಲಿನ ನಡುವೆ ಕರಿಕಲ್ಲಿನ ಬಿಸಿ ದ್ರವ ನುಗ್ಗಿ, ಆ ಶಾಖಕ್ಕೆ ಡಾಲಮೈಟೇ ಟಾಲ್ಕ್ ಆದದ್ದು. ಅದರಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಬೆಳ್ಳಗೆ. ಪೌಡರ್, ಪೇಂಟ್, ಪೇಪರ್, ಪಿಂಗಾಣಿ ಕೆಲಸಕ್ಕೆ ಬೇಕಾದದ್ದು ಅಂಥದ್ದು. ಮರಿಗೆಗೆ ನಮ್ಮ ಬೂದು ಕಲ್ಲೇ ಸರಿ.

ಕಲ್ಲು ತೆಗೆಯುವ ವಿಷಯಕ್ಕೆ ಬಂದರೆ ಇನ್ನೊಂದು ಪಾಠ ಇದೆ. ಪೌಡರ್‌ಗೆ ಬೇಕಾದ ಕಲ್ಲನ್ನು ಹೇಗೆ ತೆಗೆದರೂ ನಡೆಯುತ್ತದೆ, ಮದ್ದಿಟ್ಟು ಸಿಡಿಸಿದರೂ ಜೆಸಿಬಿಯಲ್ಲಿ ಕೆದರಿದರೂ ಕೊನೆಗೆ ಪುಡಿ ಮಾಡುವುದೇ ತಾನೆ. ಪಾತ್ರೆಗೆ ಬೇಕಾದ ಕಲ್ಲಿಗೆ ಮದ್ದು ಇಡಬಾರದು. ಸಿಡಿಸಿದರೆ ಕಣ್ಣಿಗೆ ಕಾಣದ ಕೂದಲೆಳೆ ಬಿರುಕುಗಳು ಉಳಿಯುತ್ತವೆ. ಗರಗಸದಲ್ಲೋ ಉಳಿಯಲ್ಲೋ ಸುತ್ತ ಕಾಲುವೆ ಕಡಿದು ಅಚ್ಚುಕಟ್ಟಾಗಿ ಎತ್ತಬೇಕು. ನಾರ್ವೆಯಲ್ಲಿ ಸಾವಿರಾರು ವರ್ಷ ಹಿಂದಿನ ಇಂಥ ಗಣಿಗಳಿವೆಯಂತೆ, ಬಂಡೆಯ ಮೈಯಲ್ಲೇ ಪಾತ್ರೆಯ ಹೊರ ಆಕಾರ ಕೆತ್ತಿ ಬುಡದಿಂದ ಬಿಡಿಸಿಕೊಳ್ಳುತ್ತಿದ್ದರು, ಆ ದುಂಡಗಿನ ಗುರುತುಗಳು ಈಗಲೂ ಬಂಡೆಯಲ್ಲಿವೆ, ಗಾಣದ ಹತ್ತಿರ ಬೆಲ್ಲದಚ್ಚು ತೆಗೆದ ಹಾಗೆ. ನನ್ನ ಒಡೆದ ಮರಿಗೆ ಪೌಡರ್ ಗಣಿಯ ಉಳಿಕೆ ತುಂಡಿನಿಂದ ಮಾಡಿದ್ದಿರಬೇಕು ಅಂತ ನನ್ನ ಗುಮಾನಿ. ಸಾಕ್ಷಿ ಇಲ್ಲ, ಅನುಮಾನ ಮಾತ್ರ ಬಲವಾಗಿದೆ.

ಗ್ರಾನೈಟ್‌ಗಿಂತ ಗಟ್ಟಿ ಅಂದರಲ್ವಾ? ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10, ಟಾಲ್ಕ್ 1. ಅದಕ್ಕಿಂತ ಕೆಳಗೆ ಯಾವುದೂ ಇಲ್ಲ. ಇಸ್ಪೀಟಿನ ಎಲೆಗಳ ಹಾಗೆ ಪದರದ ಮೇಲೆ ಪದರ, ನಡುವೆ ಅಂಟು ತೀರ ಕಮ್ಮಿ, ಅದಕ್ಕೇ ಮುಟ್ಟಿದರೆ ಸಾಬೂನಿನ ಹಾಗೆ ಜಾರುವುದು. ಅಡಿಗೆ ಮಾಡಿದಷ್ಟೂ ಗಟ್ಟಿಯಾಗುತ್ತದೆ ಎಂಬ ಮಾತಿನಲ್ಲಿ ಅರೆಪಾವು ಸತ್ಯ ಇದೆ. ಟಾಲ್ಕನ್ನು ಸುಮಾರು 900 ಡಿಗ್ರಿಯ ಮೇಲೆ ಸುಟ್ಟರೆ ಒಳಗಿನ ನೀರಂಶ ಹೋಗಿ ಬೇರೆಯೇ ಗಟ್ಟಿ ಖನಿಜವಾಗುತ್ತದೆ. ಹರಪ್ಪ, ಮೊಹೆಂಜೊದಾರೊದ ಆ ಪ್ರಸಿದ್ಧ ಮುದ್ರೆಗಳು ಇದೇ ಕಲ್ಲು, ಮೆತ್ತಗಿರುವಾಗ ಕೆತ್ತಿ ಆಮೇಲೆ ಸುಟ್ಟು ಗಟ್ಟಿ ಮಾಡಿದ್ದು. ಆದರೆ ನಾನು ಹುಳಿ ಕುದಿಸುವುದು 100 ಡಿಗ್ರಿಯಲ್ಲಿ.

ನಮ್ಮ ಕಾಸರಗೋಡಿನವರಿಗೆ ಕಲ್ಲು ಗಟ್ಟಿಯಾಗುವುದು ಹೊಸ ಸುದ್ದಿಯಲ್ಲ. ಕೆಂಪುಕಲ್ಲು ಪಣೆಯಲ್ಲಿ, ಅಂದರೆ ಕಲ್ಲಿನ ಕೋರೆಯಲ್ಲಿ ಕಡಿಯುವಾಗ ಕೊಡಲಿಗೆ ಬಗ್ಗುತ್ತದೆ, ಗೋಡೆಗೆ ಬಂದು ಒಂದೆರಡು ಬೇಸಿಗೆ ಕಂಡ ಮೇಲೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಮಲಪ್ಪುರಂನ ಅಂಗಾಡಿಪುರದ ಕಲ್ಲು ನೋಡಿ, ಈಸ್ಟ್ ಇಂಡಿಯಾ ಕಂಪನಿಗೆ ಸರ್ವೆ ಮಾಡಿದ ಬುಕಾನನ್ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಇದಕ್ಕೇ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅದು ಕಬ್ಬಿಣದಂಶ ಬಿಗಿಯುವ ಕೆಲಸ. ಬಳಪದ ಕಲ್ಲೂ ಗಣಿಯಿಂದ ಎತ್ತಿದಾಗ ಮೆತ್ತಗಿದ್ದು ಗಾಳಿಗೆ ಒಣಗಿದಂತೆ ಸ್ವಲ್ಪ ಬಿಗಿಯಾಗುತ್ತದೆ ಅನ್ನುತ್ತಾರೆ ಶಿಲ್ಪಿಗಳು, ಆದರೆ ಕೆಂಪುಕಲ್ಲಿನ ಮಟ್ಟಿಗೆ ಖಂಡಿತ ಅಲ್ಲ. ನೂರು ವರ್ಷದ ಮರಿಗೆಯ ಬುಡವನ್ನೂ ಮೊಳೆಯಲ್ಲಿ ಗೀರಬಹುದು.

ಎರಡನೇ ಮರಿಗೆಗೆ ಬರುತ್ತೇನೆ. ಜಾತ್ರೆಯಲ್ಲಿ ಬಳೆ ಅಂಗಡಿಗಳ ಸಾಲು ಮುಗಿದ ಮೇಲೆ, ಖರ್ಜೂರ ಮಾರುವವರ ಪಕ್ಕ, ನೆಲದ ಮೇಲೆ ಗೋಣಿ ಹಾಸಿ ಇಟ್ಟುಕೊಂಡಿದ್ದರು ಸೇಲಂ ಕಡೆಯ ಒಬ್ಬರು. ತಮಿಳು, ಮಲಯಾಳ, ಹರಕು ಕನ್ನಡ, ಮೂರನ್ನೂ ಕಲಸಿ ಮಾತು. ಬೋರ್ಡಿಲ್ಲ, ಗೂಗಲ್ ಪೇ ಇತ್ತು. ಮರಿಗೆಗಳೆಲ್ಲ ಬೂದು ಬಣ್ಣದಲ್ಲೇ ಇದ್ದವು, ಮೇಲೆ ಬಿಳಿ ಪುಡಿ. ನೋಡಲು ಚಂದ ಇಲ್ಲ ಅಂತ ಜನ ಮುಂದೆ ಹೋಗುತ್ತಿದ್ದರು. ನಾನೂ ಎರಡು ತಿಂಗಳ ಹಿಂದಾದರೆ ಹೋಗುತ್ತಿದ್ದೆ.

ನಾನು ಒಡೆದ ಕಥೆ ಹೇಳಿದೆ. ಅವರು ನಗಲಿಲ್ಲ, ಮರುಗಲೂ ಇಲ್ಲ, ಬಾಟಲಿ ತೆಗೆದು ಒಂದು ಮರಿಗೆಯ ಮೇಲೆ ನೀರು ಸುರಿದರು. ಒಣಗಿದ್ದಾಗ ಕಾಣದ ಗೆರೆಗಳು ಒದ್ದೆಯಾದ ಕೂಡಲೆ ಎದ್ದುಬಂದವು, ನೀರು ಹೀರಿದ ಬಿರುಕು ಉಳಿದ ಕಲ್ಲಿಗಿಂತ ನಿಧಾನ ಒಣಗುತ್ತದೆ. ಆಮೇಲೆ ಮರಿಗೆಯನ್ನು ಅಂಗೈ ಮೇಲೆ ಇಟ್ಟು ನಾಣ್ಯದಲ್ಲಿ ಬಡಿದರು. ಟಣ್ ಅಂದಿತು. ಇನ್ನೊಂದನ್ನು ಬಡಿದರು, ಡಬ್ ಅಂದಿತು. ಡಬ್ ಅಂದದ್ದನ್ನು ತಾವೇ ಹಿಂದಕ್ಕೆ ಸರಿಸಿದರು. ಅದನ್ನು ಸಂಜೆ ಬೇರೆ ಯಾರಿಗಾದರೂ ಮಾರಿದರೋ ನಾನು ನೋಡಲಿಲ್ಲ, ಸುಮ್ನೆ ಯಾಕೆ ದೂರು.

ನಾನು ಸೇರಿಸಿದ ಎರಡು ಪರೀಕ್ಷೆ ಇವು. ಬುಡವನ್ನು ಮೊಳೆಯಲ್ಲಿ ಗೀರಿ, ಬಿಳಿ ಪುಡಿ ಬಂದು ಬೆರಳಿಗೆ ಜಾರಿದರೆ ಅಸಲಿ ಬಳಪದ ಕಲ್ಲು, ಗೀರೇ ಬೀಳದಿದ್ದರೆ ಬೇರೆ ಯಾವುದೋ ಕಲ್ಲು. ಇನ್ನು ನಿಂಬೆರಸದ ಒಂದು ಹನಿಯನ್ನು ಬಿಳಿ ಗೆರೆಯ ಮೇಲೆ ಬಿಡಿ. ಗುಳ್ಳೆ ಬಂದರೆ ಅದು ಸುಣ್ಣದಂಶ, ಹುಳಿ ಪದಾರ್ಥ ಮಾಡುವ ಪಾತ್ರೆಗೆ ಬೇಡ. ಗುಳ್ಳೆ ಬರಲಿಲ್ಲ ಅಂತ ಗೆರೆಯನ್ನು ನಂಬಬೇಡಿ, ಮ್ಯಾಗ್ನೆಸೈಟ್ ತಣ್ಣಗಿನ ಹುಳಿಗೆ ಜಗ್ಗುವುದಿಲ್ಲ. ಟಾಲ್ಕ್ ಮಾತ್ರ ಯಾವ ಹುಳಿಗೂ ಜಪ್ಪಯ್ಯ ಅನ್ನುವುದಿಲ್ಲ, ಹುಣಸೆ, ಬೀಂಬುಳಿ, ಪುನರ್ಪುಳಿ, ಏನು ಹಾಕಿದರೂ. ಉಪ್ಪಿನಕಾಯಿಗೆ ಅಜ್ಜಿಯಂದಿರು ಇದನ್ನೇ ಆರಿಸಿದ್ದು ಅದಕ್ಕೆ.

ಮೊಳೆಯಲ್ಲಿ ಗೀರಿದಾಗ ಬಂದ ಪುಡಿ ನೋಡಿ ನನಗೆ ಸ್ಲೇಟು ನೆನಪಾಯಿತು. ಸ್ಲೇಟಿಗೂ ಮೊದಲು ಕಡತ ಇತ್ತಲ್ವಾ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ ಮಡಚಿದ ಪುಸ್ತಕ. ಅದರ ಮೇಲೆ ಬರೆದದ್ದೂ ಇದೇ ಬಳಪದಲ್ಲಿ. ಲೆಕ್ಕ ಬರೆದ ಕಲ್ಲು, ಹುಳಿ ಬೇಯಿಸಿದ ಕಲ್ಲು, ಗುಡಿ ಕಟ್ಟಿದ ಕಲ್ಲು, ಮೂರೂ ಒಂದೇ ಮನೆತನ. ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು ಕೆತ್ತಿದ ಚಾಲುಕ್ಯರ ನಾಡಿನಲ್ಲಿ, 1050ರ ಸುಮಾರಿಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯಿಂದ ಬಳಪದ ಕಲ್ಲಿನ ಕಾಲ ಶುರುವಾಯಿತು. 1117ರ ಬೇಲೂರು, ಆಮೇಲೆ ಹಳೇಬೀಡು, ಎಲ್ಲ ಇದರ ದಾಯಾದಿ ಕಲ್ಲೇ, ಕ್ಲೋರೈಟ್ ಜಾಸ್ತಿ ಇರುವ ಜಾತಿ. ಮದನಿಕೆಯ ಬೆರಳಿನ ಉಂಗುರ ಕೆತ್ತಲು ಗ್ರಾನೈಟ್ ಬಿಡುತ್ತಿತ್ತಾ? ಹಾಸನದ ಕಡೆ ಹೊಳೆನರಸೀಪುರ, ನುಗ್ಗೇಹಳ್ಳಿ ಸುತ್ತ ಇಂಥ ಮೆಗ್ನೀಸಿಯಂ ಕಲ್ಲಿನ ಪಟ್ಟಿಗಳಿವೆ, ವಯಸ್ಸು 300 ಕೋಟಿ ವರ್ಷದ ಮೇಲೆ.

ನನ್ನ 900 ರೂಪಾಯಿಯ ಮರಿಗೆಯ ಒಳಗೆ ಬೆರಳಾಡಿಸಿದರೆ ಸಣ್ಣ ಸಣ್ಣ ಉಂಗುರಗಳು ತಾಗುತ್ತವೆ, ಕಡೆಯುವಾಗ ಉಳಿ ಸುತ್ತಿದ ಗುರುತು. ಬೇಲೂರಿನ ಒಳಗೆ ಆ ನುಣ್ಣನೆ ದುಂಡು ಕಂಬಗಳನ್ನು ನೋಡಿದ್ದೀರಲ್ಲ, ಅವಕ್ಕೂ ನಾವು ಕಡೆದ ಕಂಬ ಅಂತಲೇ ಹೇಳುವುದು. ಆನ್‌ಲೈನ್ ಮರಿಗೆಯಲ್ಲಿ ಈ ಉಂಗುರ ಇರಲಿಲ್ಲ, ಪಾಲಿಶ್ ಮಾಡಿ ಅಳಿಸಿದ್ದರು.

ಪಳಗಿಸಿದ್ದು ಹೀಗೆ. ಮೊದಲು ತೊಳೆದೆ, ಒದ್ದೆ ಬಟ್ಟೆಯಲ್ಲಿ ಮೂರು ಸಲ, ಪುಡಿ ಹೋಗುವ ತನಕ. ಈ ಪುಡಿಯನ್ನು ಊದಬೇಡಿ, ಒಣ ಬ್ರಶ್ಶಿನಲ್ಲಿ ಉಜ್ಜಬೇಡಿ. ಟಾಲ್ಕ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಇಂಥ ಕಲ್ಲಿನ ಜೊತೆ ಕೆಲವು ಕಡೆ ಕಲ್ನಾರೂ ಇರುತ್ತದೆ. ನಮಗೆ ಒಂದು ದಿನದ ತೊಳೆತ, ಕಡೆಯುವವರಿಗೆ ದಿನಾ ಅದೇ ಗಾಳಿ. ಆಮೇಲೆ ಹರಳೆಣ್ಣೆ, ಅರಿಶಿನ ಹಚ್ಚಿ ಮೂರು ದಿನ ಬಿಸಿಲು. ನಾಲ್ಕನೇ ದಿನದಿಂದ ಕುಚ್ಚಲಕ್ಕಿ ಗಂಜಿಯ ಬಿಸಿ ತೆಳಿ ತುಂಬಿಸಿ ಇಡುವುದು, ಮಾರನೇ ದಿನ ಚೆಲ್ಲಿ ಹೊಸ ತೆಳಿ. ಹೀಗೆ ಒಂದು ವಾರ. ಕೊನೆಗೆ ಸಣ್ಣ ಉರಿಯಲ್ಲಿ ನೀರು ಕಾಯಿಸಿದೆ. ಮನೆಯವರು ಮೊದಮೊದಲು ಬಾಣಂತಿ ಆರೈಕೆ ಅಂತ ತಮಾಷೆ ಮಾಡಿದರು, ಈಗ ಅವರೇ ಗಂಜಿ ತೆಳಿ ಎತ್ತಿಡುತ್ತಾರೆ.

ಆರು ತಿಂಗಳ ಬಳಕೆಯ ಮಾತು. ಕಾಯಲು ತುಂಬ ಹೊತ್ತು. ಸ್ಟೀಲ್ ಪಾತ್ರೆಯಲ್ಲಿ ಏಳೆಂಟು ನಿಮಿಷಕ್ಕೆ ಕುದಿಯುವ ಹುಳಿಗೆ ಇದರಲ್ಲಿ ಇಪ್ಪತ್ತು ನಿಮಿಷ ಬೇಕು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮಕ್ಕಳನ್ನು ಹೊರಡಿಸುವವರು ಇದನ್ನು ನಂಬಿ ಕೂರಬೇಡಿ. ಆದರೆ ಒಮ್ಮೆ ಕಾದರೆ ಬಿಡುವುದಿಲ್ಲ. ಒಂದು ಕಿಲೋ ಕಬ್ಬಿಣಕ್ಕಿಂತ ಒಂದು ಕಿಲೋ ಬಳಪದ ಕಲ್ಲು ಸುಮಾರು ಎರಡರಷ್ಟು ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಫಿನ್‌ಲೆಂಡ್‌ನವರು ಚಳಿಗೆ ಮನೆ ಬೆಚ್ಚಗಿಡುವ ಒಲೆಗಳನ್ನು ಇದರಲ್ಲೇ ಕಟ್ಟುವುದು ಸುಮ್ನೆ ಅಲ್ಲ. ನನ್ನಲ್ಲಿ ಗ್ಯಾಸ್ ಆರಿಸಿದ ಮೇಲೂ ಐದಾರು ನಿಮಿಷ ಹುಳಿ ಕೊತಕೊತ ಅನ್ನುತ್ತಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ವಾರ ಎರಡು ಸಲ ಬೆಂಡೆಕಾಯಿ ಕರಗಿಹೋಯಿತು. ಈಗ ಪೂರ್ತಿ ಬೇಯುವ ಮೊದಲೇ ಆರಿಸುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಇಳಿಸಿದ್ದು ಎರಡು ಗಂಟೆಗೆ ಉಣ್ಣುವಾಗ ಬಿಸಿ ಇರುತ್ತದೆ. ರುಚಿಯಲ್ಲಿ ವ್ಯತ್ಯಾಸ ಇದೆಯಾ ಅಂದರೆ, ಹುಳಿಯಲ್ಲಿ ಇದೆ ಅಂತ ನನಗೆ ಅನ್ನಿಸುತ್ತದೆ, ಮೆಣಸ್ಕಾಯಿಯಲ್ಲಿ ಖಂಡಿತ ಇದೆ, ಸಾರಿನಲ್ಲಿ ಇಲ್ಲ. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಇಂಡಕ್ಷನ್ ಒಲೆಗೆ ಆಗುವುದಿಲ್ಲ. ಬಿಸಿ ಮರಿಗೆಗೆ ತಣ್ಣೀರು ಹೊಯ್ದರೆ ಗೆರೆ ಇಲ್ಲದ ಮರಿಗೆಯೂ ಒಡೆಯುತ್ತದೆ. ಎತ್ತುವಾಗ ಸೊಂಟ ನೋಡಿಕೊಳ್ಳಿ.

ಒಂದು ವಿಷಯ ಮನಸ್ಸಿಗೆ ಕಿರಿಕಿರಿ. ಉತ್ತರಾಖಂಡದ ಬಾಗೇಶ್ವರದಲ್ಲಿ ಬಳಪದ ಕಲ್ಲಿನ ಗಣಿಗಳಿಂದ ಹಳ್ಳಿ ಮನೆಗಳ ಗೋಡೆ ಬಿರಿದವು ಅಂತ 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಗಣಿ ಕೆಲಸಕ್ಕೆ ತಡೆ ಕೊಟ್ಟಿತ್ತು. ಅದು ಪೌಡರ್‌ಗೆ ಹೋಗುವ ಕಲ್ಲು, ಮರಿಗೆಗಲ್ಲ. ಆದರೂ ಕೊಳ್ಳುವುದಾದರೆ ಒಂದು ಕೊಳ್ಳಿ, ಅದನ್ನು ಮೊಮ್ಮಕ್ಕಳ ತನಕ ಇಡಿ. ಷೋಕೇಸಿಗೆ ಮೂರು, ನಾಲ್ಕು ಬೇಡ.

ಆನ್‌ಲೈನ್ ಅಂಗಡಿಗೆ ಒಂದು ನಕ್ಷತ್ರ, ಅದೂ ಕಲ್ಲು ಅಸಲಿ ಇತ್ತು ಅನ್ನುವುದಕ್ಕೆ. ಒಡೆದ ಚೂರುಗಳಲ್ಲಿ ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಮನೆ ಬರೆಯುತ್ತಾಳೆ, ಗೆರೆ ಚೆನ್ನಾಗಿ ಬೀಳುತ್ತದೆ. ಜಾತ್ರೆಯ ಮರಿಗೆಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಮುಚ್ಚಳ ಇಲ್ಲದ್ದಕ್ಕೆ. ಕೇಳಿದರೆ ಮುಂದಿನ ವರ್ಷ ತರುತ್ತೇನೆ ಅಂದರು. ಅಲ್ಲಿಯವರೆಗೆ ಸ್ಟೀಲ್ ತಟ್ಟೆ ಮುಚ್ಚಿದ್ದೇನೆ, ಕುದಿಯುವಾಗ ಇಡೀ ಮನೆಗೆ ಕೇಳುವ ಹಾಗೆ ಟಕಟಕ ಅನ್ನುತ್ತದೆ.